ಜ್ವಾಲಾಮುಖಿ ಹತ್ತಿ ಮೂಗು ಕೆಡಿಸಿಕೊಂಡೆ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಕೊಟ್ಟ ಕಾಫಿಯನ್ನು ಬಾಯಿಗಿಟ್ಟವಳು ಹಾಗೇ ಎದ್ದು ಬಚ್ಚಲಿಗೆ ಓಡಿ ಉಗಿದೆ. ಲೋಟದೊಳಗಿನಿಂದ ಸತ್ತ ಇಲಿಯ ವಾಸನೆ ಬರುತ್ತಿತ್ತು.

"ಏನ್ ಹಾಕಿದ್ದೀರಿ ಅತ್ತೆ ಇದಕ್ಕೆ?"

"ಕಾಫೀಗೆ ಏನ್ ಹಾಕ್ತಾರೆ? ಹಾಲು, ಸಕ್ಕರೆ, ಪುಡಿ. ನಾನೂ ಅದ್ನೇ ತಾನೆ ಕುಡೀತಿರೋದು" ಎಂದರು ಅತ್ತೆ, ತಮ್ಮ ಲೋಟ ತೋರಿಸಿ.

ಹಾಲು ಕೆಟ್ಟಿರಬೇಕು ಅಂದುಕೊಂಡು ಪಾತ್ರೆಯಲ್ಲಿದ್ದ ಅಷ್ಟೂ ಹಾಲನ್ನು ಚೆಲ್ಲಿದೆ. ವಾಸನೆ ಹೋಗಲಿಲ್ಲ. ಹಾಗಾದರೆ ಮನೆಯಲ್ಲೇ ಎಲ್ಲೋ ಇಲಿ ಸತ್ತಿದೆ ಎಂದು ತೀರ್ಮಾನಿಸಿ ನನ್ನ ಗಂಡ ಮಂಜುನಾಥರನ್ನು ಎಬ್ಬಿಸಿದೆ. ಅವರು ಬೇಲೂರಿನಲ್ಲಿ ಗುಮಾಸ್ತರು. ವಾರಕ್ಕೊಂದು ದಿನ ತಡವಾಗಿ ಏಳುವ ಮನುಷ್ಯ. ಪಾಪ, ಟಾರ್ಚ್ ಹಿಡಿದು ಅಟ್ಟ ಹತ್ತಿದರು. ರಾಗಿಯ ಡ್ರಮ್ಮು, ಗ್ಯಾಸ್ ಸಿಲಿಂಡರು, ಬೀರು ಎಲ್ಲವನ್ನೂ ಎಳೆದು ಹಿಂದೆ ನೋಡಿದೆವು. ಎರಡು ಜಿರಳೆ ಮತ್ತು ಮಗಳ ಕಳೆದುಹೋದ ಒಂದು ಓಲೆ ಸಿಕ್ಕಿದವು. ಇಲಿ ಸಿಗಲಿಲ್ಲ.

"ನಂಗೆ ಯಾವ ವಾಸನೇನೂ ಬರ್ತಿಲ್ಲ ಕಣೇ ವನಜಾ" ಎಂದರು ಮಂಜುನಾಥ.

"ಮನೆ ತುಂಬ ನಾರ್ತಿದೆ, ನಿಮಗೆ ಬರ್ತಿಲ್ವಾ? ನಿಮ್ಮ ಮೂಗೇ ಸತ್ತಿದೆ!" ಎಂದು ರೇಗಿದೆ.

ಮಧ್ಯಾಹ್ನ ಅತ್ತೆ ಹುರುಳಿಕಾಳಿನ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಆ ಚಟಪಟ ಸದ್ದಿನ ಜೊತೆಗೇ ಇಲಿಯ ವಾಸನೆ ಅಡುಗೆಮನೆಯಿಂದ ಎದ್ದು ಬಂದು ನನ್ನ ಗಂಟಲಿಗೆ ಕೈ ಹಾಕಿತು. ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತು ಕಾರಿಕೊಂಡೆ. ಅತ್ತೆ ಬಂದು ಬೆನ್ನು ಸವರಿದರು. ಸೆರಗಿನಿಂದ ನನ್ನ ಬಾಯಿ ಒರೆಸಿದರು. ಅದೇ ವಾಸನೆ ಸೆರಗಿನಲ್ಲಿತ್ತು. ನೀರು ತಂದುಕೊಟ್ಟ ಮಂಜುನಾಥರ ಅಂಗಿಯಲ್ಲಿತ್ತು. ಕೊನೆಗೆ ನನ್ನದೇ ಅಂಗೈ ಮೂಸಿಕೊಂಡೆ. ಅಲ್ಲೂ ಇತ್ತು.

ಇಲಿ ಮನೆಯಲ್ಲಿ ಸತ್ತಿರಲಿಲ್ಲ. ನನ್ನ ಮೂಗಿನೊಳಗೆ ಸತ್ತಿತ್ತು.

ಇದು ಎಲ್ಲಿಂದ ಬಂತೆಂದು ಹೇಳಬೇಕಾದರೆ ಎರಡು ತಿಂಗಳು ಹಿಂದೆ ಹೋಗಬೇಕು.

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಜ್ವಾಲಾಮುಖಿಯ ಚಿತ್ರ ಬರೆದಿದ್ದೇನೆ, ಲಾವಾರಸಕ್ಕೆ ಕೆಂಪು ಸೀಮೆಸುಣ್ಣ, ಹೊಗೆಗೆ ಬಿಳಿ. ಅಲ್ಲಿಯವರೆಗೆ ಕಣ್ಣಾರೆ ಮಾತ್ರ ಒಂದನ್ನೂ ನೋಡಿರಲಿಲ್ಲ. ಅರಸೀಕೆರೆಯಲ್ಲಿ ಕಲಿಸುವ ಶಕುಂತಲಾ ನನ್ನ ಜೊತೆ ಬಿ.ಎಡ್ ಓದಿದವಳು, ಮದುವೆಯಾಗಿಲ್ಲ, ರಜೆ ಬಂದರೆ ಬೆನ್ನಿಗೆ ಚೀಲ ಏರಿಸಿ ಎಲ್ಲಿಗಾದರೂ ಹೊರಡುವವಳು. "ಬೇಸಿಗೆ ರಜದಲ್ಲಿ ಜಾವಾ ದ್ವೀಪಕ್ಕೆ ಹೋಗಿ ಬರೋಣ ಬಾರೇ. ನಿಜವಾದ ಜ್ವಾಲಾಮುಖಿ, ಇನ್ನೂ ಹೊಗೆಯಾಡ್ತಿರೋದು, ಹತ್ತೋಣ" ಎಂದಳು. ಯೋಚಿಸಿದರೆ ಬೇಡ ಅನ್ನಿಸುತ್ತದೆಂದು ಯೋಚಿಸದೆ ಹ್ಞೂಂ ಅಂದೆ.

ಜಾವಾಕ್ಕೆ ಹೋಗುತ್ತೇನೆಂದು ಹೇಳಿದಾಗ ಪಕ್ಕದ ಮನೆಯಾಕೆ ನನ್ನ ಚೀಲವನ್ನು ಮೇಲೆ ಕೆಳಗೆ ನೋಡಿ, "ಜಾವಗಲ್ಗೋಗಕ್ಕೆ ಇಷ್ಟ್ ದೊಡ್ಡ ಬ್ಯಾಗ್ಯಾಕವ್ವಾ? ಇಲ್ಲೇ ಬಸ್ ಹತ್ತುದ್ರೆ ಆಯ್ತಲ್ಲ" ಎಂದಿದ್ದರು. ನನ್ನ ಮಗಳು ಸಿಂಚನ, ಆಗ ಏಳು ವರ್ಷ, ಆ ಮಾತಿಗೆ ವಾರವಿಡೀ ನಕ್ಕಳು. ಅತ್ತೆ ನಗಲಿಲ್ಲ. "ಬೆಂಕಿ ಕಾರೋ ಬೆಟ್ಟದ ತಾವ ನಿಂಗೇನ್ ಕೆಲ್ಸ?" ಎಂದು ಕೇಳಿದರು. ಉತ್ತರ ಕಾಯದೆ ದಾರಿಗೆ ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಟ್ಟರು.

ಆ ಬೆಟ್ಟ ಜಾವಾದ ಪೂರ್ವದ ತುದಿಯಲ್ಲಿದೆ. ಅದರ ಬಾಯಿ ದೊಡ್ಡ ಬಟ್ಟಲಿನ ಹಾಗೆ. ತಳದಲ್ಲಿ ಹಸಿರು-ನೀಲಿ ಬಣ್ಣದ ಕೆರೆ, ನೀರಲ್ಲ, ಆಮ್ಲ. ಕೆರೆಯ ದಡದಿಂದ ಗಂಧಕದ ಹೊಗೆ ಏಳುತ್ತಲೇ ಇರುತ್ತದೆ. ಆ ಹೊಗೆಯಲ್ಲೇ ನಿಂತು ಗಂಡಸರು ಹಳದಿ ಗಂಧಕವನ್ನು ಒಡೆದು, ಎರಡು ಬುಟ್ಟಿಗೆ ತುಂಬಿ, ಬಿದಿರಿನ ಅಡ್ಡೆಯಲ್ಲಿ ಹೊತ್ತು ಮೇಲೆ ಬರುತ್ತಾರೆ. ನಮ್ಮಂಥವರು ಅದನ್ನು ನೋಡಲು ಹೋಗುತ್ತೇವೆ.

ಬೆಟ್ಟದ ಬುಡದಲ್ಲಿ ಬಾಡಿಗೆಗೆ ಮುಖವಾಡ ಕೊಡುತ್ತಾರೆ. ರಬ್ಬರಿನದು, ಎರಡು ಕಡೆ ಗುಂಡನೆಯ ಡಬ್ಬಿ. ನನಗೆ ಸಿಕ್ಕಿದ್ದರ ಒಳಗೆ ಯಾರದೋ ಲಿಪ್‌ಸ್ಟಿಕ್ ಮೆತ್ತಿತ್ತು. ಅಂಚಿನಲ್ಲಿ ಒಣಗಿದ ಸಿಂಬಳ. ಕರವಸ್ತ್ರದಿಂದ ಒರೆಸಿ ಹಾಕಿಕೊಂಡೆ. ಹತ್ತು ಹೆಜ್ಜೆ ನಡೆದಿರಬೇಕು, ಹತ್ತಾರು ಜನರ ಹಳಸಿದ ಉಸಿರು, ಎಂಜಲು, ಬೆವರು ಎಲ್ಲ ಸೇರಿ ಮೂಗಿಗೆ ಅಡರಿತು. ಕಿತ್ತು ಕುತ್ತಿಗೆಗೆ ನೇತು ಹಾಕಿಕೊಂಡು ದುಪಟ್ಟಾ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡೆ. ನಮ್ಮ ಜೊತೆ ಬಂದ ಮಾರ್ಗದರ್ಶಿ ಎರಡು ಸಲ ಕೈಸನ್ನೆಯಲ್ಲಿ ಬೈದ. ಶಕುಂತಲಾ ಒಮ್ಮೆ ಬೈದಳು. "ಅದರೊಳಗೆ ಮುಖ ಇಡೋದಕ್ಕಿಂತ ಸಾಯೋದು ವಾಸಿ" ಎಂದೆ. ಇದು ನನ್ನ ತಪ್ಪು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹೊತ್ತು ಮೂಡುವಷ್ಟರಲ್ಲಿ ಮೇಲೆ ತಲುಪಿ, ಬಟ್ಟಲಿನೊಳಕ್ಕೆ ಅರ್ಧ ದಾರಿ ಇಳಿದಿದ್ದೆವು. ಕೆರೆಯ ಬಣ್ಣ ನೋಡಿ ನನಗೆ ಅಳು ಬಂದಿತ್ತು, ಅಷ್ಟು ಚೆನ್ನಾಗಿತ್ತು. ಅದೇ ಹೊತ್ತಿಗೆ ಗಾಳಿ ತಿರುಗಿತು. ಆಚೆ ದಡದಲ್ಲಿದ್ದ ಹೊಗೆ ಒಂದೇ ಸಲ ನಮ್ಮ ಮೇಲೆ ಬಂತು. ಕಣ್ಣು ಉರಿದು ಮುಚ್ಚಿಕೊಂಡವು. ಎಳೆದುಕೊಂಡ ಉಸಿರು ಮೂಗಿನಿಂದ ಎದೆಯವರೆಗೆ ಸುಟ್ಟುಕೊಂಡು ಇಳಿಯಿತು. ಮುಖವಾಡಕ್ಕೆ ಕೈ ಹಾಕಿದೆ, ಪಟ್ಟಿ ಕೂದಲಿಗೆ ಸಿಕ್ಕಿಕೊಂಡಿತು. ಕೆಮ್ಮುತ್ತಾ ಅಲ್ಲೇ ಕುಕ್ಕರಿಸಿದೆ.

ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಗಂಧಕ ಹೊರುವ ಒಬ್ಬ ಗಂಡಸು. ಅವನಿಗೆ ಮುಖವಾಡ ಇರಲಿಲ್ಲ, ಹಲ್ಲಿನಲ್ಲಿ ಒದ್ದೆ ಬಟ್ಟೆ ಕಚ್ಚಿಕೊಂಡಿದ್ದ. ಅದನ್ನೇ ತೆಗೆದು ನನ್ನ ಮೂಗು ಬಾಯಿಗೆ ಒತ್ತಿದ. ಅವನ ಎಂಜಲು, ಲವಂಗ ಬೆರೆಸಿದ ಸಿಗರೇಟಿನ ವಾಸನೆ. ನಾನು ಆ ಬಟ್ಟೆಯನ್ನು ತಳ್ಳಿದೆ. ಅವನು ಮತ್ತೆ ಒತ್ತಿದ. ಹಾಗೇ ಒತ್ತಿಕೊಂಡು ಮೇಲಕ್ಕೆ ನಡೆಸಿದ. ಹೊಗೆ ದಾಟಿದ ಮೇಲೆ ಕೃತಜ್ಞತೆ ಹೇಳಬೇಕಾದ ಜಾಗದಲ್ಲಿ ಅವನ ಬೂಟಿನ ಮೇಲೆ ವಾಂತಿ ಮಾಡಿದೆ. ಅವನು ನಕ್ಕು, ಕಾಲು ಕೊಡವಿ, ತನ್ನ ಬುಟ್ಟಿ ಇಟ್ಟಿದ್ದ ಕಡೆಗೆ ವಾಪಸು ಹೋದ. ಆ ಬಟ್ಟೆಯ ವಾಸನೆಯೇ ನನ್ನ ಮೂಗು ಸರಿಯಾಗಿ ಗ್ರಹಿಸಿದ ಕೊನೆಯ ವಾಸನೆ.

ಮರುದಿನ ಜ್ವರ. ವಸತಿಗೃಹದ ಕೋಣೆಯಲ್ಲಿ ನಾಲ್ಕು ದಿನ ಮಲಗಿದೆ, ಶಕುಂತಲಾ ಗಂಜಿ ಕುಡಿಸಿದಳು. ಊರಿಗೆ ಬಂದ ಮೇಲೂ ಎರಡು ವಾರ ಹಳದಿ-ಹಸಿರು ಕಫ ಕೆಮ್ಮಿದೆ. ಕೆಮ್ಮು ಹೋಯಿತು. ವಾಸನೆಯೂ ಹೋಗಿದೆ ಎಂಬುದು ಗೊತ್ತಾದದ್ದು ಒಲೆಯ ಮೇಲೆ ಹಾಲು ಸೀದು ಕರಿಯಾಗುವಾಗ ನಾನು ಪಕ್ಕದಲ್ಲೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದೆ ಎಂದು ಅತ್ತೆ ಕೂಗಾಡಿದಾಗ. ಮಂಜುನಾಥ, "ಒಳ್ಳೇದೇ ಆಯ್ತು. ಇನ್ ನನ್ನ ಸಾಕ್ಸ್ ಬಗ್ಗೆ ದೂರಿಲ್ಲ" ಎಂದು ನಗಾಡಿದರು. ನಾನೂ ನಕ್ಕೆ. ಐದು ವಾರ ಜಗತ್ತಿಗೆ ವಾಸನೆಯೇ ಇರಲಿಲ್ಲ. ಈಗ ಅನ್ನಿಸುತ್ತದೆ, ಅದು ಸುಖದ ಕಾಲ.

ಯಾಕೆಂದರೆ ವಾಸನೆ ವಾಪಸು ಬಂದದ್ದು ಹೆಣವಾಗಿ.

ಅದು ಎಂಥ ವಾಸನೆ ಎಂದು ಎಲ್ಲರೂ ಕೇಳುತ್ತಾರೆ. ಸರಿಯಾಗಿ ಹೇಳಲು ಇವತ್ತಿಗೂ ಬರುವುದಿಲ್ಲ. ಮೊದಲು ಸತ್ತ ಇಲಿ ಅನ್ನಿಸಿತು. ಆಮೇಲೆ ಕೊಳೆತ ಮೊಟ್ಟೆ, ಸುಟ್ಟ ಟೈರು, ವಾರಗಟ್ಟಲೆ ಬದಲಿಸದ ಹೂದಾನಿಯ ನೀರು ಮೂರನ್ನೂ ಕಲಸಿದಂತೆ. ಬೇರೆ ಬೇರೆ ವಸ್ತುವಿಗೆ ಬೇರೆ ಬೇರೆ ದುರ್ನಾತವಿದ್ದರೆ ಹೇಗೋ ಸಹಿಸಬಹುದಿತ್ತು. ಎಲ್ಲಕ್ಕೂ ಇದೊಂದೇ. ಕಾಫಿ, ಈರುಳ್ಳಿ, ಹುರಿದ ಕಡಲೆ, ಸೋಪು, ಮಲ್ಲಿಗೆ, ಊದುಬತ್ತಿ. ಟೂತ್‌ಪೇಸ್ಟ್ ಬಾಯಿಗಿಟ್ಟರೆ ಚರಂಡಿಗೆ ಬಾಯಿಟ್ಟಂತೆ, ಉಪ್ಪಿನಲ್ಲಿ ಹಲ್ಲುಜ್ಜತೊಡಗಿದೆ. ನನ್ನ ಬೆವರು ನನಗೇ ಆಗದು. ದಿನಕ್ಕೆ ಮೂರು ಸಲ ಬರೀ ನೀರು ಹೊಯ್ದುಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, ಇಷ್ಟು ಶುಭ್ರವಾಗಿ ಕಾಣುವವಳು ಇಷ್ಟು ನಾರಲು ಹೇಗೆ ಸಾಧ್ಯ ಎಂದು ಆಶ್ಚರ್ಯಪಡುತ್ತಿದ್ದೆ. ಮುಟ್ಟಿನ ದಿನಗಳ ಬಗ್ಗೆ ಬರೆಯುವುದಿಲ್ಲ. ಓದುವವರು ಊಟ ಮಾಡಬೇಕಲ್ಲ.

ಶಾಲೆಯಲ್ಲಿ ಮಳೆಯೆಂದು ಕಿಟಕಿ ಮುಚ್ಚಿದ ಒಂದು ಮಧ್ಯಾಹ್ನ, ಐವತ್ತು ಮಕ್ಕಳ ಎಣ್ಣೆ ತಲೆ, ಒದ್ದೆ ಸಮವಸ್ತ್ರ, ಆಗ ತಾನೇ ಉಂಡ ಸಾಂಬಾರಿನ ಕೈಗಳ ಮಧ್ಯೆ ನಿಂತು ಪಾಠ ಮಾಡುತ್ತಿದ್ದವಳು ಕಸದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅದರೊಳಗೆ ವಾಂತಿ ಮಾಡಿದೆ. ಸಂಜೆಯ ಹೊತ್ತಿಗೆ ಹಳೇಬೀಡಿನಲ್ಲೆಲ್ಲ ವನಜಾ ಮೇಡಂ ಮತ್ತೆ ಬಸುರಿ ಎಂದು ಸುದ್ದಿಯಾಗಿತ್ತು.

ಅತ್ತೆಯೂ ಹಾಗೇ ಅಂದುಕೊಂಡಿದ್ದರು. ನಾನು ಪರೀಕ್ಷೆ ಮಾಡಿಕೊಂಡು ಇಲ್ಲವೆಂದರೂ ನಂಬಲಿಲ್ಲ. "ಆ ಪಟ್ಟೀಗೇನ್ ಗೊತ್ತಾಯ್ತದೆ? ಮಂಜನ್ನ ಹೊತ್ತಾಗ ನಂಗೂ ಕಾಫಿ ಕಂಡ್ರೆ ಆಗ್ತಿರ್ಲಿಲ್ಲ" ಎಂದು ತಿಂಗಳೊಪ್ಪತ್ತು ಖುಷಿಯಾಗಿದ್ದರು. ಆ ಖುಷಿ ಮುರಿದ ಮೇಲೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಸುಟ್ಟ ಮೆಣಸಿನಕಾಯಿಯ ಘಾಟು ನನಗೆ ಏನು ಮಾಡಿತೆಂದು ಹೇಳಬೇಕಿಲ್ಲ.

ಮನೆಯಲ್ಲಿ ನಾನು ಯಾರಿಗೂ ನಿಜ ಹೇಳಿರಲಿಲ್ಲ. ಹೊಟ್ಟೆ ಸರಿಯಿಲ್ಲ, ಗ್ಯಾಸ್ಟ್ರಿಕ್ಕು ಎನ್ನುತ್ತಿದ್ದೆ. ಬೆಳಿಗ್ಗೆಯಿಂದ ನನಗಾಗಿ ಒಲೆ ಮುಂದೆ ನಿಲ್ಲುವ ಹೆಂಗಸಿಗೆ, ಪಕ್ಕದಲ್ಲಿ ಮಲಗುವ ಗಂಡನಿಗೆ, ನೀವು ಹೆಣದ ಹಾಗೆ ನಾರುತ್ತೀರಿ ಎಂದು ಹೇಗೆ ಹೇಳುವುದು? ಮಂಜುನಾಥ ಹತ್ತಿರ ಬಂದರೆ ಉಸಿರು ಬಿಗಿ ಹಿಡಿಯುವುದನ್ನು ಕಲಿತೆ. ನಲವತ್ತು ಎಣಿಸುವವರೆಗೆ ಹಿಡಿಯಬಲ್ಲೆ.

ಅರಸೀಕೆರೆಯಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಕಾಯುವ ಕೋಣೆಯಲ್ಲಿ ಫಿನೈಲಿನ ವಾಸನೆ, ಎಂದರೆ ಇಲಿ. ಪಕ್ಕದ ಕುರ್ಚಿಯಲ್ಲಿ ಕುಳಿತವರು ಮಸಾಲೆವಡೆ ಪೊಟ್ಟಣ ಬಿಚ್ಚಿದರು, ಮತ್ತೆ ಇಲಿ. ಹೊರಗೆ ರಸ್ತೆಬದಿಯಲ್ಲಿ ನಿಂತು, ನನ್ನ ಹೆಸರು ಕೂಗಿದರೆ ಕೇಳಲೆಂದು ಬಾಗಿಲ ಕಡೆಗೇ ಕಿವಿಯಿಟ್ಟುಕೊಂಡು ಎರಡು ಗಂಟೆ ಕಾದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಆಸಿಡಿಟಿ ಮಾತ್ರೆ ಬರೆದರು. ತಿಂಗಳು ಬಿಟ್ಟು ಹೋದ ಇನ್ನೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ಮನೇಲಿ ಅತ್ತೆ ಜೊತೆ ಏನಾದ್ರೂ ತೊಂದರೆ ಇದೆಯಾ?" ಎಂದು ಮೆಲ್ಲಗೆ ಕೇಳಿದರು. ನಿದ್ದೆಗೆ ಮಾತ್ರೆ ಕೊಟ್ಟರು. ಅಷ್ಟರಲ್ಲಿ ನನ್ನ ರವಿಕೆಗಳೆಲ್ಲ ದೊಗಲೆಯಾಗಿದ್ದವು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸೌತೆಕಾಯಿ, ಬಿಳಿ ಅನ್ನ, ನೀರು. ಅಷ್ಟೇ ಒಳಗೆ ಇಳಿಯುತ್ತಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಶಕುಂತಲಾಳ ಫೋನು. ಬೆಟ್ಟದ ಫೋಟೋಗಳನ್ನು ಚೌಕಟ್ಟು ಹಾಕಿಸುತ್ತಿದ್ದೇನೆ, ನಿನಗೂ ಒಂದು ಬೇಕಾ ಎಂದಳು. ಅವಳ ಮೂಗಿಗೆ ಏನೂ ಆಗಿರಲಿಲ್ಲ. ಆ ಗಲೀಜು ಮುಖವಾಡವನ್ನು ಕೊನೆಯವರೆಗೂ ಹಾಕಿಕೊಂಡಿದ್ದಳಲ್ಲ. ನಾನು ಮಾತಾಡದೆ ಫೋನಿಟ್ಟೆ. ಮತ್ತೆ ಎತ್ತಲಿಲ್ಲ.

ಈಗ ಹೇಳಲು ಹೇಸಿಗೆಯಾಗುವ ಸಂಗತಿಗೆ ಬರುತ್ತೇನೆ. ಈ ಹೇಸಿಗೆ ಮೂಗಿನದಲ್ಲ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಸಿಂಚನ ಶಾಲೆಯಿಂದ ಓಡಿಬಂದು ಎಂದಿನಂತೆ ನನ್ನ ಕುತ್ತಿಗೆಗೆ ಜೋತುಬಿದ್ದಳು. ಉಸಿರು ಹಿಡಿಯಲು ನನಗೆ ಸಮಯವಿರಲಿಲ್ಲ. ಅವಳ ತಲೆ ನನ್ನ ಮೂಗಿನ ಕೆಳಗೇ ಇತ್ತು. ಎರಡೂ ಕೈಯಿಂದ ತಳ್ಳಿಬಿಟ್ಟೆ. ಅವಳು ಹಿಂದಕ್ಕೆ ಹೋಗಿ ಬಾಗಿಲ ಚೌಕಟ್ಟಿಗೆ ಬಡಿದಳು. ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ನನ್ನ ಮುಖದಲ್ಲಿ ಆಗ ಏನಿತ್ತೆಂದು ನನಗೆ ಗೊತ್ತು.

"ಅಮ್ಮ, ನಾನು ಗಬ್ಬು ನಾರ್ತೀನಾ?"

"ಇಲ್ಲ ಪುಟ್ಟಿ, ನಂಗೆ ಹೊಟ್ಟೆ ಸರಿಯಿಲ್ಲ" ಎಂದು ಹೇಳಿ ಹಿತ್ತಲಿಗೆ ಓಡಿದೆ. ವಾಂತಿ ಮಾಡುವ ಸದ್ದು ಅವಳಿಗೆ ಕೇಳಿಸಿತು.

ಅದಾದ ಮೇಲೆ ಅವಳು ನನ್ನ ಹತ್ತಿರ ಬರಲಿಲ್ಲ. ಹೋಂವರ್ಕ್ ತೋರಿಸುವಾಗಲೂ ಪುಸ್ತಕವನ್ನು ನೆಲದ ಮೇಲಿಟ್ಟು ನನ್ನ ಕಡೆಗೆ ಸರಿಸಿ ದೂರ ಕೂರುತ್ತಿದ್ದಳು. ನನ್ನ ಮನಸ್ಸಿಗೆ ನೋವಾಯಿತೇ? ನಿಜ ಹೇಳಬೇಕೆಂದರೆ ಮೊದಲ ಕೆಲವು ದಿನ ಹಾಯೆನ್ನಿಸಿತು.

ಒಂದು ವಾರವಾಗಿರಬಹುದು. ಬಚ್ಚಲಿನಿಂದ ಅತ್ತೆ ಕೂಗಿದ ಕೂಗಿಗೆ ಓಡಿದೆ. ಸಿಂಚನ ಒದ್ದೆ ಮೈಯಲ್ಲಿ ನಿಂತಿದ್ದಳು. ಕೈಯಲ್ಲಿ ಪಾತ್ರೆ ಉಜ್ಜುವ ತೆಂಗಿನ ನಾರು, ಪಾತ್ರೆ ಸೋಪು. ಎರಡೂ ತೋಳು, ಕುತ್ತಿಗೆ ಉಜ್ಜಿ ಉಜ್ಜಿ ಕೆಂಪಾಗಿ, ಮೊಣಕೈ ಹತ್ತಿರ ತೊಗಲು ಕಿತ್ತು ರಕ್ತ ಒಸರುತ್ತಿತ್ತು. ದಿನಾ ಮಾಡುತ್ತಿದ್ದಳಂತೆ. ಅಜ್ಜಿ ತೋಟಕ್ಕೆ ಹೋದಾಗ.

"ಯಾಕವ್ವಾ, ಯಾಕ್ ಹಿಂಗ್ ಮಾಡ್ಕಂಡೆ?" ಎಂದು ಅತ್ತೆ ಕೇಳಿದರು.

"ಗಬ್ಬು ಹೋಗ್ಲಿ ಅಂತ" ಎಂದಳು ಸಿಂಚನ.

ಅತ್ತೆ ಅವಳನ್ನು ಸೆರಗಿನಲ್ಲಿ ಸುತ್ತಿ, ಕೊಬ್ಬರಿ ಎಣ್ಣೆ ಹಚ್ಚಿ ಕೂರಿಸಿ, ನನ್ನನ್ನು ಹಿತ್ತಲಿಗೆ ಕರೆದರು. ನನ್ನ ಮದುವೆಯಾದಂದಿನಿಂದ ಅವರು ನನಗೆ ದನಿ ಎತ್ತಿ ಬೈದದ್ದು ಕಡಿಮೆ. ಅವತ್ತೂ ಎತ್ತಲಿಲ್ಲ.

"ನಂಗೆ ಮೊದ್ಲಿಂದ್ಲೂ ಗೊತ್ತೈತೆ. ನಾನು ಹತ್ರ ಬಂದ್ರೆ ನೀನು ಉಸ್ರು ಕಟ್ತೀಯ. ಮುದುಕಿ, ಮೈ ನಾತ ಇರ್ಬೋದು ಅಂತ ನಾನೂ ಸುಮ್ಕಿದ್ದೆ. ಮಗೀಗೂ ಹಂಗೇ ಮಾಡ್ತೀಯಲ್ಲ, ಏನ್ ಬಂದೈತೆ ನಿಂಗೆ?"

ಆಗ ಹೇಳಿದೆ. ಎಲ್ಲವನ್ನೂ. ಕಾಫಿ, ಸಾರು, ಸೆರಗು, ಮಗು, ಎಲ್ಲ ಒಂದೇ ವಾಸನೆ ಎಂದು. ಹೇಳಿ ಮುಗಿಸುವಷ್ಟರಲ್ಲಿ ಬಿಕ್ಕಳಿಕೆ ಬಂದಿತ್ತು.

ಅತ್ತೆ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ, "ಹಂಗಾರೆ ಕೆಟ್ಟಿರೋದು ನಿನ್ನ ಮೂಗು. ಮಗೀನ ಮೈಯಲ್ಲ. ಅದನ್ನ ಅವಳ್ಗೆ ಹೇಳು ಓಗು. ಈಗ್ಲೇ" ಎಂದರು.

ಸಿಂಚನಳ ಮುಂದೆ ಕುಳಿತು ಹೇಳಿದೆ. ಅವಳು ನಂಬಲಿಲ್ಲ. ಅಡುಗೆಮನೆಗೆ ಹೋಗಿ ಕರ್ಪೂರ ತಂದು ನನ್ನ ಮೂಗಿಗೆ ಹಿಡಿದಳು. "ಗಬ್ಬು" ಎಂದೆ. ಬಾಳೆಹಣ್ಣು ತಂದಳು. ಗಬ್ಬು. ತನ್ನ ಹೊಸ ರಬ್ಬರು, ಅಪ್ಪನ ಪೌಡರು, ಅಜ್ಜಿಯ ಎಲೆಅಡಿಕೆ ಚೀಲ. ಗಬ್ಬು, ಗಬ್ಬು, ಗಬ್ಬು. ನನಗೆ ಓಕರಿಸಿ ಬರುತ್ತಿತ್ತು, ಆದರೂ ಏಳಲಿಲ್ಲ. ದೇವರ ಮನೆಯ ಗಂಧದ ಕೊರಡೂ ಗಬ್ಬು ಎಂದಾಗ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. "ದೇವ್ರೂ ಗಬ್ಬಾ!" ಎಂದಳು. ಎಣ್ಣೆ ಹಚ್ಚಿದ ಆ ಕೆಂಪು ತೋಳುಗಳನ್ನು ನೋಡುತ್ತಾ ನಾನೂ ನಕ್ಕೆ.

ಮಂಜುನಾಥರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. "ಅಂದ್ರೆ ಇಷ್ಟು ದಿನ ನಾನು ಹತ್ರ ಬಂದಾಗೆಲ್ಲ ನಿಂಗೆ ಹೆಣದ ವಾಸನೆ ಬರ್ತಿತ್ತಾ?" ಎಂದರು. ಹೌದೆಂದೆ. ಎದ್ದು ಜಗಲಿಗೆ ಹೋಗಿ ಕುಳಿತರು. ಮೂಗೇ ಕೆಟ್ಟಿರುವುದು ಎಂದು ತಲೆಗೆ ಅರ್ಥವಾದರೂ, ಕಟ್ಟಿಕೊಂಡವಳು ತಮ್ಮನ್ನು ಕಂಡು ಹೇಸುತ್ತಿದ್ದಳು ಎಂಬುದು ಅವರಿಗೆ ಎಲ್ಲೋ ಚುಚ್ಚಿಕೊಂಡಿತು. ಅವತ್ತಿನಿಂದ ದಿಂಬು ತೆಗೆದುಕೊಂಡು ನಡುಮನೆಯಲ್ಲಿ ಮಲಗತೊಡಗಿದರು. ನಾನು ಕರೆಯಲೂ ಇಲ್ಲ. ಕರೆದು ಏನು ಮಾಡುವುದಿತ್ತು?

ಅತ್ತೆಯೇ ಶಕುಂತಲಾಗೆ ಫೋನು ಮಾಡಿದ್ದು. "ನೀನೇ ಕರ್ಕಂಡೋಗಿದ್ದೆ, ನೀನೇ ತೋರುಸ್ಕಂಡು ಬಾ" ಎಂದರಂತೆ. ಅವಳು ರಜೆ ಹಾಕಿ ಬಂದು ನನ್ನನ್ನು ಹಾಸನದ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳು ಸೋಪು, ಪೌಡರು, ಹೂವು ಏನೂ ಹಾಕಿಕೊಳ್ಳದೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಕುಳಿತಿದ್ದಳು. ಅದು ಎರಡು ಸಲ ಬೇಕಾಯಿತು. ಎರಡು ಸಲವೂ ಅವಳೇ ಗಂಟು ಹಾಕಿ ಎಸೆದಳು.

ಅಲ್ಲಿ ಕಾಯುವಾಗ ಪಕ್ಕದಲ್ಲಿ ಬೇಲೂರು ಕಡೆಯ ಒಬ್ಬ ಅಡುಗೆ ಭಟ್ಟರು ಕುಳಿತಿದ್ದರು. ಮದುವೆ ಮನೆಗಳಿಗೆ ಅಡುಗೆ ಮಾಡುವವರು, ಎಪ್ಪತ್ತರ ಹತ್ತಿರ ವಯಸ್ಸು. ನಾನು ಸೆರಗಿನಿಂದ ಮೂಗು ಮುಚ್ಚಿ ಕೂತದ್ದನ್ನು ನೋಡಿ, "ನಿಮಗೂ ಮೂಗಾ?" ಎಂದು ಕೇಳಿದರು. ಅವರಿಗೆ ಯಾವುದೋ ಜ್ವರದ ಮೇಲೆ ವಾಸನೆ ಹೋಗಿ ಎರಡು ವರ್ಷವಾಗಿತ್ತು. ನಡುವೆ ಐದಾರು ತಿಂಗಳು ತುಪ್ಪವೂ ಹೊಲಸು ನಾರುತ್ತಿತ್ತಂತೆ. ನನ್ನದೇ ಕಾಯಿಲೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು.

"ಅಡುಗೆ ಹೇಗೆ ಮಾಡ್ತೀರಿ?"

"ಕೈ ಮಾಡತ್ತಮ್ಮ. ಮೂಗು ಬರೀ ಮೇಸ್ತ್ರಿ, ಕೆಲಸ ಮಾಡೋದು ಕೈ. ಒಂದು ಮಾತು ಕೇಳಿ. ಬಿಸಿ ಬಿಸಿ ಏನನ್ನೂ ತಿನ್ನಬೇಡಿ. ಪೂರ್ತಿ ತಣ್ಣಗಾದ್ಮೇಲೆ ತಿನ್ನಿ. ತಣ್ಣಗಿದ್ರೆ ವಾಸನೆ ಏಳೋದಿಲ್ಲ. ನಾನು ಬದುಕಿದ್ದು ತಂಗಳಲ್ಲಿ."

ಅಲ್ಲಿಯವರೆಗೆ ಮೂರು ತಿಂಗಳಲ್ಲಿ ಯಾವ ಡಾಕ್ಟರೂ ಕೊಡದ ಔಷಧ ಅದು. ಊರಿಗೆ ಬಂದ ಮರುದಿನದಿಂದ ಹಿಂದಿನ ದಿನದ ಮುದ್ದೆಯನ್ನು ತಣ್ಣನೆಯ ಮಜ್ಜಿಗೆಗೆ ಕಿವುಚಿ ಕುಡಿಯತೊಡಗಿದೆ. ಕೆಳಗಿಳಿಯಿತು. ಕೆಳಗೇ ನಿಂತಿತು.

ಒಳಗಿದ್ದ ಡಾಕ್ಟರು ನನಗಿಂತ ಚಿಕ್ಕವರು, ಹೆಂಗಸು. ಸಣ್ಣ ಕ್ಯಾಮೆರಾ ಇರುವ ಕೊಳವೆಯನ್ನು ಮೂಗಿನೊಳಗೆ ಇಳಿಸಿ ನೋಡಿದರು. ಗಂಧಕದ ಹೊಗೆಯ ಕಥೆಯನ್ನು ಪೂರ್ತಿ ಕೇಳಿದರು. "ಮೇಡಂ, ಇದು ನಿಮ್ಮ ತಲೇಲಿ ಹುಟ್ಟಿದ್ದಲ್ಲ. ಇದಕ್ಕೆ ಹೆಸರಿದೆ" ಎಂದರು. ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ನೋಡಿ ನಾನು ಅತ್ತದ್ದನ್ನು ಶಕುಂತಲಾ ಇವತ್ತಿಗೂ ಹೇಳುತ್ತಾಳೆ.

"ಹೊಗೆಯಿಂದ ಆಯ್ತಾ? ಇಲ್ಲಾ ಆಮೇಲೆ ಬಂದ ಜ್ವರದಿಂದಾನಾ?" ಎಂದು ಅವಳೇ ಕೇಳಿದಳು.

"ಹೇಳೋಕೆ ಆಗಲ್ಲ. ಎರಡೂ ಇರಬಹುದು. ಒಳಗಡೆ ವೈರು ಸುಟ್ಟಿದೆ ಅಂದ್ಕೊಳ್ಳಿ. ಈಗ ಹೊಸದಾಗಿ ಬೆಳೀತಿದೆ, ತಪ್ಪು ತಪ್ಪಾಗಿ ಜೋಡಣೆ ಆಗ್ತಿದೆ. ಹೆಣದ ವಾಸನೆ ಬರ್ತಿದೆ ಅಂದ್ರೆ ಮೂಗು ಪ್ರಯತ್ನ ಪಡ್ತಿದೆ ಅಂತ ಅರ್ಥ."

ಮಾತ್ರೆಯಿಂದ ಸರಿಹೋಗುವುದಲ್ಲ ಎಂದರು. ದಿನಕ್ಕೆರಡು ಸಲ ನಾಲ್ಕು ವಾಸನೆಗಳನ್ನು, ಅದು ಏನೆಂದು ನೆನಪಿಸಿಕೊಳ್ಳುತ್ತಾ ಮೂಸಬೇಕು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ. ತಿಂಗಳುಗಟ್ಟಲೆ. ಸರಿಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು.

ಸಿಂಚನ ನಾಲ್ಕು ಸಣ್ಣ ಬಾಟಲಿ ತೊಳೆದು ಸಿದ್ಧ ಮಾಡಿದಳು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ ನನ್ನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದಳು. "ಗುಲಾಬಿ ನೆನಪು ಮಾಡ್ಕೊ ಅಮ್ಮ. ಮಾಡ್ಕೊಂಡ್ಯಾ?" ನಾನು ಗುಲಾಬಿಯನ್ನು ನೆನೆಯುತ್ತಾ ಕೊಳೆತ ಹೆಣವನ್ನು ಒಳಗೆಳೆದುಕೊಳ್ಳುತ್ತಿದ್ದೆ. ಇದನ್ನು ದಿನಕ್ಕೆರಡು ಸಲ, ಬೇಕೆಂದೇ ಮಾಡುವುದು ಎಂಥ ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು. ಕೆಲವು ದಿನ ಅವಳ ಕೈಯಿಂದ ಬಾಟಲಿ ಕಸಿದು ಹಿತ್ತಲಿಗೆ ಎಸೆದಿದ್ದೇನೆ. ಅವಳು ಹೋಗಿ ಹುಡುಕಿ ತರುತ್ತಿದ್ದಳು. ಬಾಟಲಿ ಹಿಡಿಯುವಾಗ ಮಾತ್ರ ತೋಳು ಪೂರ್ತಿ ಚಾಚಿ, ಮೈಯನ್ನು ಆದಷ್ಟು ದೂರ ಇಟ್ಟುಕೊಳ್ಳುತ್ತಿದ್ದಳು. ಮೂಗು ಕೆಟ್ಟಿದೆ ಎಂದು ಗೊತ್ತಿದ್ದೂ ಹಾಗೆ ಮಾಡುತ್ತಿದ್ದಳು. ಅದನ್ನು ಬಿಡಿಸಲು ನನ್ನಿಂದಾಗಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ನಿಂಬೆ ಸ್ವಲ್ಪ ನಿಂಬೆಯಾಯಿತು. ಒಂದು ದಿನ ಆಯಿತು, ಮರುದಿನ ಇಲ್ಲ. ಆಮೇಲೆ ವಾರಕ್ಕೆ ಮೂರು ದಿನ. ಮಲ್ಲಿಗೆಗೆ ಯಾವ ವಾಸನೆಯೂ ಇಲ್ಲದಾಯಿತು, ಅದನ್ನೂ ಲಾಭವೆಂದೇ ಎಣಿಸಿದೆ. ಯುಗಾದಿಯ ಒಬ್ಬಟ್ಟನ್ನು ಮರುದಿನ ತಣ್ಣಗೆ ತಿಂದೆ. ಮಂಜುನಾಥ ಕಚೇರಿಯಿಂದ ಬಂದು ಸ್ನಾನ ಮಾಡಿ ಸ್ವಲ್ಪ ದೂರದಲ್ಲಿ ನಿಂತು, "ಇವತ್ತು ಹೇಗಿದೀನಿ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ಟೈರು ಎನ್ನುತ್ತಿದ್ದೆ. ಅಥವಾ ಮೊಟ್ಟೆ. ಮೇ ತಿಂಗಳಲ್ಲಿ ಒಂದು ದಿನ, "ಏನೂ ಇಲ್ಲ" ಎಂದೆ. ಅವರು ದಿಂಬು ತರಲು ನಡುಮನೆಗೆ ಹೋದರು.

ಕಾಫಿ ಇವತ್ತಿಗೂ ಸರಿಯಾಗಿಲ್ಲ. ಈರುಳ್ಳಿ ಒಗ್ಗರಣೆಗೆ ಹೊರಗೆ ಹೋಗಿ ನಿಲ್ಲುತ್ತೇನೆ. ಯಾರಾದರೂ ಇದನ್ನು ಓದುತ್ತಾ, ನನಗೂ ಹೀಗೇ ಆಗಿದೆ, ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂದು ಉಸಿರು ಹಿಡಿದುಕೊಂಡು ಕೂತಿದ್ದರೆ, ದಯವಿಟ್ಟು ಮನೆಯವರಿಗೆ ಹೇಳಿ. ಮುಜುಗರವಾಗುತ್ತದೆ. ಆದರೂ ಹೇಳಿ. ನಾನು ಹೇಳದೆ ಇದ್ದದ್ದಕ್ಕೆ ಬೆಲೆ ತೆತ್ತದ್ದು ನನ್ನ ಮಗಳ ತೋಳು.

ಕಳೆದ ಆಗಸ್ಟಿನಲ್ಲಿ ಒಂದು ಶನಿವಾರ ಸಿಂಚನ ಕೆರೆ ಏರಿಯ ಕಡೆಯಿಂದ ಆಟ ಮುಗಿಸಿ ಬಂದಳು. ಮೂರು ದಿನದಿಂದ ತಲೆಗೆ ನೀರು ಹಾಕಿರಲಿಲ್ಲ. ಜಡೆ ಬಿಚ್ಚಿಹೋಗಿ ಹುಲ್ಲು ಸಿಕ್ಕಿಕೊಂಡಿತ್ತು. "ಬಾ, ಬಾಚ್ತೀನಿ" ಎಂದೆ. ಅವಳು ಅನುಮಾನಿಸುತ್ತಾ ಬಂದು ನನ್ನ ಮುಂದೆ, ಒಂದು ಮೊಳ ಬಿಟ್ಟು ಕುಳಿತಳು. ನಾನೇ ಮುಂದೆ ಸರಿದೆ. ಹಣಿಗೆ ಹಾಕಿ ಎರಡು ಸಲ ಎಳೆದಿರಬೇಕು, ಒಂದು ವಾಸನೆ ಬಂತು. ಹುಳಿ ಬೆವರು, ಜಿಡ್ಡು, ಕಮಟು ಕೊಬ್ಬರಿ ಎಣ್ಣೆ, ಬಿಸಿಲಿಗೆ ಕಾದ ಮಣ್ಣು. ಒಂದೊಂದೂ ಬೇರೆ ಬೇರೆಯಾಗಿ. ನನ್ನ ಕೈ ನಿಂತಿತು. ಬಗ್ಗಿ ಮತ್ತೆ ಮೂಸಿದೆ.

"ಥೂ! ತಲೆ ನಾರ್ತಿದೆ ಕಣೇ!"

ಅವಳ ಬೆನ್ನು ಸೆಟೆದುಕೊಂಡಿತು. ಏಳಲು ನೆಲಕ್ಕೆ ಕೈ ಊರಿದಳು. ನಾನು ಅವಳ ಭುಜ ಹಿಡಿದು ಕೂರಿಸಿ ಮೂರನೆಯ ಸಲ, ಮೂಗನ್ನು ಕೂದಲೊಳಗೇ ಇಟ್ಟು ಎಳೆದುಕೊಂಡೆ. ಅವಳು ತಿರುಗಿ ನನ್ನ ಮುಖವನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು.

"ಮೂಗು ಕೆಟ್ಟಿರೋ ಗಬ್ಬಾ, ನಿಜವಾದ ಗಬ್ಬಾ?" ಎಂದು ಮೆಲ್ಲಗೆ ಕೇಳಿದಳು.

"ನಿಜವಾದದ್ದು. ಬೆವರು, ಎಣ್ಣೆ, ಮಣ್ಣು. ಥೂ, ಎಂಥ ಹೊಲಸು ಮಾಡ್ಕೊಂಡಿದ್ದೀಯೇ!"

ಅವಳು ಅರ್ಧ ಬಾಚಿದ ತಲೆಯಲ್ಲೇ ಎದ್ದು ಅಡುಗೆಮನೆಗೆ ಓಡಿದಳು.

"ಅಜ್ಜೀ! ನಾನು ನಿಜವಾಗ್ಲೂ ನಾರ್ತಿದ್ದೀನಂತೆ!"

"ಮೂರ್ ದಿನದಿಂದ ನಾನೂ ಅದ್ನೇ ಬಡ್ಕಂತಿವ್ನಿ" ಎಂದರು ಅತ್ತೆ ಒಳಗಿನಿಂದ. "ನೀರ್ ಕಾದೈತೆ, ನಡಿ."